ಶಾಲೆಯ ಬಯಲಿನ ಮೆಣಸಿನ ಹೊಲ

"ಅಜ್ಜಯ್ಯ, ಬೆಳೆ ಕೆಟ್ಟರೆ ಯಾರನ್ನು ಶಿಕ್ಷಿಸಬೇಕು?"

ಶಿಷ್ಯ ಕೊಟ್ರಯ್ಯ ಹೊಸ್ತಿಲು ದಾಟುವ ಮೊದಲೇ ಹೀಗೆ ಕೇಳಿದ. ಕಾಲು ತೊಳೆದಿರಲಿಲ್ಲ, ನಮಸ್ಕಾರವನ್ನೂ ಮಾಡಿರಲಿಲ್ಲ. ಗುರುಗಳು ಮಠದ ಪಡಸಾಲೆಯಲ್ಲಿ ಕೂತು ಅಲಸಂದೆ ಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ತಲೆ ಎತ್ತಿದರು.

"ಮೊದಲು ಕೂತುಕೋ ಮಾರಾಯ. ಏದುಸಿರು ಬಿಡುತ್ತಿದ್ದೀಯ. ನೀರು ಕುಡಿಯುತ್ತೀಯಾ?"

"ನೀರು ಬೇಡ ಅಜ್ಜಯ್ಯ. ಒಂದು ಉತ್ತರ ಕೊಡಿ, ಸಾಕು."

ಕೊಟ್ರಯ್ಯ ಇದೇ ಮಠದಲ್ಲಿ ಓದಿ ಬೆಳೆದವನು. ಈಗ ಪಕ್ಕದ ಊರಿನ ಶಾಲೆಯಲ್ಲಿ ಕೃಷಿ ಓದುವ ಮಕ್ಕಳಿಗೆ ಮೇಷ್ಟರು. ಶಾಲೆಯ ಹಿಂದಿನ ಬಯಲನ್ನು ಹೊಲ ಮಾಡಿ, ಮಕ್ಕಳ ಕೈಯಿಂದಲೇ ಈರುಳ್ಳಿ ಹಾಕಿಸಿದ್ದ. ಆ ಈರುಳ್ಳಿ ಈಗ ತುದಿಯಿಂದ ಹಳದಿಯಾಗುತ್ತ ಬಂದಿತ್ತು. ಆಡಳಿತ ಮಂಡಳಿಯವರು ಬಂದು ನೋಡಿ ಕೆಂಡವಾದರು. ಯಾರ ಅಲಕ್ಷ್ಯದಿಂದ ಹೀಗಾಯಿತೋ ಅವರ ಹೆಸರು ಕೊಡಿ, ಒಬ್ಬರನ್ನು ಹೊರಗೆ ಹಾಕಿದರೆ ಉಳಿದವರಿಗೆ ಬುದ್ಧಿ ಬರುತ್ತದೆ ಎಂದು ಹೇಳಿ ಹೋದರು.

"ನಾಳೆ ಬೆಳಿಗ್ಗೆ ಸಭೆ" ಅಂದ ಕೊಟ್ರಯ್ಯ. "ಒಂದು ಹೆಸರು ಹೇಳಲೇಬೇಕು. ಯಾರ ಹೆಸರು ಹೇಳುತ್ತೇನೋ ಅವರ ಓದು ಅಲ್ಲಿಗೇ ಮುಗಿಯುತ್ತದೆ. ನೀರು ಬಿಡುವವನು ತಿಪ್ಪೇಶ. ಅವನ ಹೆಸರು ಹೇಳೋಣ ಅಂದರೆ ಅವನು ಒಂದು ದಿನವೂ ತಪ್ಪಿಸಿಲ್ಲ. ಕಳೆ ತೆಗೆಯುವವಳು ಹಾಲಮ್ಮ. ಅವಳ ಹೆಸರು ಹೇಳೋಣ ಅಂದರೆ ಹೊಲದಲ್ಲಿ ಒಂದು ಕಡ್ಡಿ ಕಳೆ ಇಲ್ಲ. ಎಲ್ಲರನ್ನೂ ಕೇಳಿದೆ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ಎಲ್ಲರೂ ಕೆಲಸ ಮಾಡಿದ ಮೇಲೆ ಬೆಳೆ ಯಾಕೆ ಕೆಡಬೇಕು? ನನ್ನ ತಲೆ ಕೆಟ್ಟುಹೋಗಿದೆ ಅಜ್ಜಯ್ಯ. ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಬಂದೆ. ಊರಿನ ಅಗಸೆ ಬಾಗಿಲಲ್ಲಿ ಹುಡುಗನ ಹೆಸರು ಹೇಳೋಣ ಅನ್ನಿಸಿತು. ಹಳ್ಳ ದಾಟುವಾಗ ಹುಡುಗಿಯ ಹೆಸರು ಹೇಳೋಣ ಅನ್ನಿಸಿತು. ಮಠದ ಮೆಟ್ಟಿಲು ಹತ್ತುವಾಗ ಎರಡೂ ಬೇಡ ಅನ್ನಿಸಿತು."

ಗುರುಗಳು ನಕ್ಕರು. "ಇನ್ನೂ ನಾಲ್ಕು ಹೆಜ್ಜೆ ನಡೆದಿದ್ದರೆ ನನ್ನ ಹೆಸರೇ ಹೇಳುತ್ತಿದ್ದೆಯೇನೋ. ಇರಲಿ. ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ ಅಂದರೆ ನೀನು ಬಿಡುವವನಲ್ಲ. ಹಾಕು. ಆದರೆ ಕೈ ಸುಮ್ಮನಿರಬಾರದು."

ಅರ್ಧ ಕಾಯಿ ಅವನ ಕಡೆ ಸರಿಸಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ರೈತ ಇದ್ದ. ಅವನ ಕೈಗುಣ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಅವನ ಹೊಲದಲ್ಲಿ ದುಡಿಯುತ್ತಿದ್ದವರು ಅವನು ಮತ್ತು ಅವನ ಹೆಂಡತಿ, ಇಬ್ಬರೇ. ಆಳು ಇಟ್ಟುಕೊಂಡವನಲ್ಲ. ಆದರೂ ಆ ಹೊಲದ ಬದುವಿನ ಮೇಲೆ ನಿಂತು ನೋಡಿದವರು ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿದ್ದರು.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಒಂದು ಶಾಲೆ ಕಟ್ಟಿಸಿದ್ದ, ಅದರಲ್ಲಿ ಕೃಷಿ ಪಾಠವನ್ನೂ ಇಡಿಸಿದ್ದ. ಮಕ್ಕಳು ನೇಗಿಲಿನ ಚಿತ್ರ ಬರೆದು, ಬಣ್ಣ ಹಚ್ಚಿ, ಭಾಗಗಳ ಹೆಸರು ಬರೆದು ಪಾಸಾಗುತ್ತಿದ್ದರು. ಒಮ್ಮೆ ವ್ಯಾಪಾರಿಯ ಮನೆಗೆ ಬೀಗರು ಬಂದರು. ಕೃಷಿ ಪಾಸಾದ ಹುಡುಗನೊಬ್ಬನನ್ನು ಕರೆದು, ಎಳೆ ಪೈರು ಎರಡು ಕಿತ್ತು ತೋರಿಸಿ, ಇದರಲ್ಲಿ ಜೋಳ ಯಾವುದು, ಸಜ್ಜೆ ಯಾವುದು ಎಂದು ಕೇಳಿದರು. ಹುಡುಗ ಅತ್ತಿತ್ತ ತಿರುಗಿಸಿ ನೋಡಿ, ಎರಡೂ ಹುಲ್ಲು ಅಂದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ವ್ಯಾಪಾರಿಯ ಕಿವಿಯಿಂದ ಬಹಳ ದಿನ ಹೋಗಲಿಲ್ಲ.

ಅವನು ರೈತನನ್ನು ಕರೆಸಿ ಹೇಳಿದ: "ಶಾಲೆಯ ಹಿಂದೆ ಬಯಲು ಬಿದ್ದಿದೆ. ಅದನ್ನು ಹೊಲ ಮಾಡಿಕೊಡು. ಮಕ್ಕಳು ಅದರಲ್ಲೇ ಕಲಿಯಲಿ. ದೀಪಾವಳಿಯ ಹೊತ್ತಿಗೆ ಬೆಳೆ ನನ್ನ ಕಣ್ಣಿಗೆ ಕಾಣಬೇಕು. ಕಾಣಲಿಲ್ಲವೋ, ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಿಸಿಬಿಡುತ್ತೇನೆ. ಅದಾದರೂ ಊರಿನ ಉಪಯೋಗಕ್ಕೆ ಬರುತ್ತದೆ."

ರೈತ ಒಪ್ಪಿಕೊಂಡ. ಮನೆಯ ಹೊಲದಲ್ಲಿ ದುಡಿಯುವವರು ಇಬ್ಬರು, ಇಲ್ಲಿ ಒಂದು ಶಾಲೆಗೆ ಶಾಲೆಯೇ ಇದೆ, ಇದರಲ್ಲಿ ಕಷ್ಟವೇನು ಎಂದುಕೊಂಡ.

ಬಯಲು ಸುಮ್ಮನೆ ಬಗ್ಗಲಿಲ್ಲ. ಮಕ್ಕಳು ವರ್ಷಗಟ್ಟಲೆ ಡ್ರಿಲ್ ಮಾಡಿ ಮಾಡಿ ಆ ನೆಲ ಕಣದ ಹಾಗೆ ಗಟ್ಟಿಯಾಗಿತ್ತು. ನೇಗಿಲು ಇಳಿಯಲಿಲ್ಲ. ನೀರು ಬಿಟ್ಟು, ನೆನೆಸಿ, ಮತ್ತೆ ಹೂಡಿದರು. ಕೆರೆಯ ಹೂಳು ತಂದು ಹರಡಿದರು. ಮಕ್ಕಳು ಬುಟ್ಟಿಯಲ್ಲಿ ಗೊಬ್ಬರ ಹೊತ್ತರು. ಮೊದಲ ದಿನ ಮೂಗು ಮುಚ್ಚಿಕೊಂಡವರು ಮೂರನೆಯ ದಿನ ಬುಟ್ಟಿ ಯಾರದು ದೊಡ್ಡದು ಎಂದು ಪೈಪೋಟಿಗೆ ಬಿದ್ದರು.

ಅವರಲ್ಲಿ ಒಬ್ಬ ಹುಡುಗಿ ಇದ್ದಳು. ಜಗಳಗಂಟಿ ಎಂದೇ ಅವಳಿಗೆ ಹೆಸರು ಬಿದ್ದಿತ್ತು. ಕಲ್ಲು ಆರಿಸಿ ಅಲ್ಲಿ ಹಾಕು ಅಂದರೆ, ಅಲ್ಲಿ ಯಾಕೆ, ಇಲ್ಲಿ ಹಾಕಿದರೆ ಏನಾಗುತ್ತದೆ ಅನ್ನುವಳು. ಬಯಲಿನ ಆ ಮೂಲೆ ತಗ್ಗು, ಅಲ್ಲಿ ಸಸಿ ನೆಡಬೇಡಿ ಎಂದು ರೈತನಿಗೇ ಹೇಳಿದಳು. ರೈತ ನಕ್ಕು, "ಏನಮ್ಮಾ, ನಾನು ನಿನಗೆ ಮೇಷ್ಟರೋ, ನೀನು ನನಗೆ ಮೇಷ್ಟರೋ?" ಅಂದ. ಮಕ್ಕಳೆಲ್ಲ ನಕ್ಕರು. ಅವಳು ಮಾತ್ರ ಮುಖ ಊದಿಸಿಕೊಂಡು ಕಲ್ಲು ಹೊತ್ತಳು.

ಮೆಣಸಿನ ಸಸಿ ನೆಟ್ಟರು. ಸಸಿಗಳು ಬೇರು ಕಚ್ಚಿದವು, ಹೊಸ ಎಲೆ ಬಿಟ್ಟವು. ರೈತನಿಗೆ ತನ್ನ ಹೊಲ ಕಂಡಾಗಲೂ ಆಗದಷ್ಟು ಸಂತೋಷವಾಯಿತು. ಮಕ್ಕಳು ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅವನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ.

ಆಗ ಹೆಡ್ಮಾಸ್ತರು ಬಂದರು. ಅವರು ಕೆಟ್ಟವರಲ್ಲ. ಶಾಲೆ ನಡೆಸಿ ತಲೆ ಬೆಳ್ಳಗಾದವರು. "ನೋಡಿ, ಶಾಲೆ ಅಂದಮೇಲೆ ಯಾರು ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದು ಗೊತ್ತಿರಬೇಕು. ಮಾಡಿದವರಿಗೆ ಮಾರ್ಕು ಸಿಗಬೇಕು. ಇಲ್ಲದಿದ್ದರೆ ಇವತ್ತಿನ ಹುರುಪು ನಾಳೆ ಇರುವುದಿಲ್ಲ" ಅಂದರು. ರೈತನಿಗೆ ಅದು ಸರಿಯೆಂದೇ ತೋರಿತು. ಮಕ್ಕಳನ್ನು ತಂಡ ಮಾಡಿದರು. ನೀರಿಗೊಂದು ತಂಡ, ಕಳೆಗೊಂದು ತಂಡ, ಗೊಬ್ಬರಕ್ಕೊಂದು, ಕಾವಲಿಗೊಂದು. ಒಂದೊಂದು ತಂಡಕ್ಕೂ ಸರದಿ, ಸರದಿ ಮುಗಿಸಿದರೆ ಮಾರ್ಕು. ಜಗಳಗಂಟಿ ಕಳೆಯ ತಂಡಕ್ಕೆ ಬಿದ್ದಳು.

ಒಂದು ದಿನ ಜೋರು ಮಳೆ ಬಂತು. ಮರುದಿನ ಬೆಳಿಗ್ಗೆ ರೈತ ಬಂದು ನೋಡುತ್ತಾನೆ, ನೀರಿನ ತಂಡದವರು ಮೋಟಾರು ಹಾಕಿ ಸಾಲು ಸಾಲಿಗೆ ನೀರು ಬಿಡುತ್ತಿದ್ದಾರೆ.

"ಅಯ್ಯೋ, ನಿನ್ನೆ ಮಳೆ ಬಂದಿತ್ತಲ್ಲಪ್ಪಾ!"

"ಬಂದಿತ್ತು ಮೇಷ್ಟ್ರೇ. ನಾವೂ ನೆನೆದೆವು. ಆದರೆ ಇವತ್ತು ನಮ್ಮ ಸರದಿ. ಬಿಟ್ಟರೆ ಮಾರ್ಕು ಹೋಗುತ್ತದೆ."

"ನೀರಿನ ತಂಡದ್ದೇ ತಪ್ಪು!" ಎಂದು ಕೊಟ್ರಯ್ಯ ಕಾಯಿ ಕೆಳಗಿಟ್ಟ. ತಿಪ್ಪೇಶನ ಹೆಸರು ಅವನ ನಾಲಿಗೆಯ ತುದಿಗೆ ಬಂದಿತ್ತು. ಮನಸ್ಸಿಗೆ ಎಷ್ಟೋ ಹಗುರವೆನಿಸಿತು.

"ಸುಲಿ, ಸುಲಿ" ಅಂದರು ಗುರುಗಳು. "ಇನ್ನೂ ಸಸಿಗೆ ಮೊಗ್ಗೇ ಬಂದಿಲ್ಲ, ಆಗಲೇ ತೀರ್ಪು ಕೊಟ್ಟೆಯಾ?"

ರೈತ ಬಯ್ಯಲಿಲ್ಲ. ಮಳೆ ಬಂದ ದಿನ, ಬಂದ ಮರುದಿನ ನೀರು ಬಿಡಬೇಡಿ, ಮಾರ್ಕು ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದ. ಮಕ್ಕಳು ತಲೆಯಾಡಿಸಿದರು. ಆಮೇಲೆ ದಿನಾ ಎರಡೆರಡು ಹನಿ ಉದುರುವ ಮೋಡ ಹಿಡಿಯಿತು. ಧೂಳೂ ಅಡಗದಷ್ಟು ಹನಿ. ಮಕ್ಕಳು ಆಕಾಶ ನೋಡುವರು, ಮಳೆ ಬಂತು ಅನ್ನುವರು, ಮನೆಗೆ ಹೋಗುವರು. ಗಿಡ ಬಾಡಿದ್ದು ಕಂಡು ರೈತ ಗಾಬರಿಯಾಗಿ ಕೇಳಿದ. "ಮಳೆ ಬಂದರೆ ನೀರು ಬಿಡಬೇಡಿ ಅಂತ ನೀವೇ ಹೇಳಿದಿರಿ" ಅಂದರು. ಅದೂ ನಿಜವೇ.

ಆಗ ರೈತ ಇನ್ನೊಂದು ಮಾತು ಹೇಳಿದ. "ಮಳೆ ನೋಡಬೇಡಿ, ಮಣ್ಣು ನೋಡಿ. ಬೆರಳು ಹಾಕಿದರೆ ಒಳಗೆ ತೇವ ಇದೆಯೋ, ನೀರು ಬೇಡ. ಇಲ್ಲವೋ, ಬೇಕು." ಮಕ್ಕಳು ಹಾಗೆಯೇ ಮಾಡಿದರು. ದಿನಾ ಬೆರಳು ಹಾಕಿದರು, ದಿನಾ ತೇವ ಇತ್ತು. ಇತ್ತ ಹೊಲದ ಮೇಲ್ಭಾಗ ಬಿರುಕು ಬಿಟ್ಟಿತು. ರೈತನಿಗೆ ದಿಕ್ಕೇ ತೋಚಲಿಲ್ಲ. ಎಲ್ಲಿ ಬೆರಳು ಹಾಕುತ್ತೀರಿ, ತೋರಿಸಿ ಅಂದ. ಗೇಟಿನ ಪಕ್ಕದ ಮೊದಲ ಗಿಡದ ಬುಡ ತೋರಿಸಿದರು. ಅಲ್ಲಿ ಪೈಪಿನ ಕೂಡುಜಾಗ ಸೋರುತ್ತಿತ್ತು. ಆ ಗಿಡಕ್ಕೆ ಯಾವಾಗಲೂ ತೇವವೇ.

"ಬೇರೆ ಕಡೆ ನೋಡಬಾರದಾಗಿತ್ತೇನ್ರೋ?"

"ಎಲ್ಲಿ ನೋಡಬೇಕು ಅಂತ ನೀವು ಹೇಳಿರಲಿಲ್ಲ ಮೇಷ್ಟ್ರೇ."

ಕೊಟ್ರಯ್ಯ ನಗಲು ಹೋಗಿ ನಿಲ್ಲಿಸಿದ. ಈ ಹುಡುಗರನ್ನು ಹೊರಗೆ ಹಾಕುವುದು ಹೇಗೆ? ಹೇಳಿದ್ದನ್ನೆಲ್ಲ ಮಾಡಿದ್ದಾರೆ. ತಿಪ್ಪೇಶನ ಹೆಸರು ನಾಲಿಗೆಯಿಂದ ಹಿಂದೆ ಸರಿಯಿತು.

ಗುರುಗಳು ಮುಂದುವರಿಸಿದರು.

ಒಂದು ಬೆಳಿಗ್ಗೆ ರೈತ ಗಿಡದ ಎಲೆ ಮುದುರಿದ್ದು ಕಂಡ. ಮಗುಚಿ ನೋಡಿದರೆ ಅಡಿಯಲ್ಲಿ ಸಣ್ಣ ಸಣ್ಣ ಹುಳ. ಕಳೆಯ ತಂಡದವರು ಹಿಂದಿನ ದಿನವೇ ಆ ಸಾಲನ್ನೆಲ್ಲ ಹರಗಿದ್ದರು. ಹುಳ ಕಾಣಲಿಲ್ಲವೇ ಎಂದು ಕೇಳಿದ. ಕಂಡಿತು, ಆದರೆ ಹುಳ ನಮ್ಮ ಪಾಲಿಗೆ ಬರುವುದಿಲ್ಲ ಅಂದರು. ಮತ್ತೆ ಯಾರ ಪಾಲಿಗೆ ಎಂದು ಕೇಳಿದರೆ, ಹುಳಕ್ಕೆ ತಂಡವೇ ಇಲ್ಲವಲ್ಲ ಅಂದರು. ಸರಿ ಎಂದು ರೈತ ಹುಳಕ್ಕೊಂದು ತಂಡ ಮಾಡಿದ. ಆ ತಂಡ ಬೇವಿನ ಕಷಾಯ ಕಾಯಿಸಿ, ಸೋಸಿ, ಎಲೆಯ ಮೇಲೂ ಕೆಳಗೂ ಸಿಂಪಡಿಸಿತು. ಹುಳ ಕಡಿಮೆಯಾಯಿತು. ಮಾರನೆಯ ವಾರ ಅವರು ಸಪ್ಪೆ ಮುಖ ಹಾಕಿಕೊಂಡು ಬಂದು, "ಮೇಷ್ಟ್ರೇ, ಹುಳವೇ ಸಿಗುತ್ತಿಲ್ಲ. ನಮ್ಮ ಮಾರ್ಕಿನ ಗತಿ ಏನು?" ಅಂದರು.

ಜಗಳಗಂಟಿ ಮಾತ್ರ ತನ್ನ ಸಾಲು ಬಿಟ್ಟು ಕಂಡ ಕಂಡಲ್ಲಿ ನಿಲ್ಲುತ್ತಿದ್ದಳು. ತಗ್ಗು ಮೂಲೆಯಲ್ಲಿ ನೀರು ನಿಲ್ಲುತ್ತಿದೆ ಎಂದು ನೀರಿನ ತಂಡಕ್ಕೆ ಹೇಳಿದಳು. "ನೀನು ಕಳೆ ಕೀಳು, ನೀರಿನ ಉಸಾಬರಿ ನಿನಗೇಕೆ?" ಅಂದರು. ಮಾತಿಗೆ ಮಾತು ಬೆಳೆದು ದೊಡ್ಡ ಜಗಳವಾಯಿತು. ಅವಳ ಪಾಲಿನ ಸಾಲಿನಲ್ಲಿ ಕಳೆ ಹಾಗೇ ಉಳಿದಿತ್ತು. ಹೆಡ್ಮಾಸ್ತರು ಅವಳ ಮಾರ್ಕು ಕಡಿದರು. ರೈತನಿಗೆ ಅದು ಸರಿಯೆನಿಸಲಿಲ್ಲ. ಆದರೆ ಅವಳ ಸಾಲಿನಲ್ಲಿ ಕಳೆ ಇದ್ದದ್ದು ಸುಳ್ಳಲ್ಲವಲ್ಲ, ಏನು ಹೇಳುವುದು?

"ಹಾಗಾದರೆ ಹೆಡ್ಮಾಸ್ತರದೇ ತಪ್ಪು" ಅಂದ ಕೊಟ್ರಯ್ಯ. "ಈ ತಂಡ, ಈ ಸರದಿ, ಈ ಮಾರ್ಕು ಎಲ್ಲ ತಂದವರು ಅವರೇ. ಅದೇ ಹೊಲ ಕೆಡಿಸಿತು."

"ಹೌದಾ? ನಿನ್ನ ಶಾಲೆಯಲ್ಲಿ ಮಾರ್ಕು ಇಲ್ಲದೆ ಒಂದು ವಾರ ಹೊಲ ನಡೆಸಿ ನೋಡಿದ್ದೀಯಾ?"

ಕೊಟ್ರಯ್ಯ ನೋಡಿದ್ದ. ಮೊದಲ ಎರಡು ದಿನ ಎಲ್ಲರೂ ಬಂದರು. ಮೂರನೆಯ ದಿನ ಅರ್ಧ ಜನ. ಆಮೇಲೆ ಬಂದವರು ಬದುವಿನ ಮೇಲೆ ಕೂತು ಹರಟೆ ಹೊಡೆದರು. ಕೊನೆಗೆ ಅವನೇ ಸರದಿ ಗೊತ್ತುಮಾಡಿ ಮಾರ್ಕು ಇಟ್ಟಿದ್ದ. ಅದನ್ನು ಹೇಳಲು ನಾಚಿಕೆಯಾಗಿ ಮತ್ತೊಂದು ಕಾಯಿ ಕೈಗೆತ್ತಿಕೊಂಡ. ಬರುವಾಗ ಇದ್ದ ಗೊಂದಲ ಈಗ ಇಮ್ಮಡಿಯಾಗಿತ್ತು. ಈ ಅಜ್ಜಯ್ಯ ಬಿಡಿಸುತ್ತಿದ್ದಾರೋ, ಇನ್ನಷ್ಟು ಗಂಟು ಹಾಕುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ.

ಗುರುಗಳು ಮತ್ತೆ ಕತೆಗೆ ಬಂದರು.

ದಸರಾ ರಜೆ ಬಂತು. ಶಾಲೆಗೆ ಬೀಗ ಬಿತ್ತು. ಮಕ್ಕಳು ಊರಿಗೆ ಹೋದರು, ಕಾವಲಿನ ತಂಡವೂ ಹೋಯಿತು. ರಜೆಯಲ್ಲಿ ಯಾರ ಸರದಿಯೂ ಇರಲಿಲ್ಲ. ರೈತನಿಗೆ ತನ್ನ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಹದ ಬಂದಿತ್ತು. ನಾಳೆ ಒಮ್ಮೆ ಶಾಲೆಯ ಕಡೆ ಹೋಗಿ ಬರೋಣ ಅಂದುಕೊಂಡ. ಮರುದಿನವೂ ನಾಳೆ ಅಂದುಕೊಂಡ. ಹದ ಕಾಯುವುದಿಲ್ಲ, ಬಿತ್ತನೆ ಮುಗಿಯುವ ತನಕ ಅವನು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಎಡೆಬಿಡದೆ ಮಳೆ ಸುರಿಯಿತು.

ರಜೆ ಮುಗಿದ ಮೇಲೆ ರೈತ ಬಂದು ನೋಡಿದ. ತಗ್ಗು ಮೂಲೆಯಿಂದ ನೀರು ಹಿಂದಕ್ಕೆ ಏರಿ ಸಾಲುಗಳಲ್ಲಿ ನಿಂತಿತ್ತು. ಗೇಟು ದೂಡಿಕೊಂಡು ದನ ನುಗ್ಗಿ ತುಳಿದಿದ್ದವು. ಗಿಡಗಳು ಹಳದಿಯಾಗಿ ತಲೆ ಬಾಗಿಸಿದ್ದವು. ಅಲ್ಲಲ್ಲಿ ಹಸಿರು ಇತ್ತು. ದೀಪಾವಳಿ ಹತ್ತಿರ ಬಂದಿತ್ತು.

"ತಪ್ಪು ರೈತನದು" ಅಂದ ಕೊಟ್ರಯ್ಯ. ಈ ಸಲ ಅವನ ದನಿ ಸಣ್ಣಗಿತ್ತು. ತನ್ನ ಶಾಲೆಯ ರಜೆಯಲ್ಲಿ ಅವನೂ ತಂಗಿಯ ಊರಿಗೆ ಹೋಗಿದ್ದ. "ಅವನೇ ಹೊಣೆ. ಹೌದಲ್ಲ ಅಜ್ಜಯ್ಯ? ನಾಳೆ ನಾನು ನನ್ನ ಹೆಸರನ್ನೇ ಹೇಳಿಬಿಡುತ್ತೇನೆ. ಯಾವ ಮಕ್ಕಳೂ ಹೊರಗೆ ಹೋಗುವುದಿಲ್ಲ. ಮುಗಿದುಹೋಯಿತು."

"ರೈತನೂ ಹಾಗೇ ಅಂದುಕೊಂಡ" ಅಂದರು ಗುರುಗಳು.

ಅವನು ನೆಟ್ಟಗೆ ವ್ಯಾಪಾರಿಯ ಮನೆಗೆ ಹೋದ. ತಪ್ಪು ನನ್ನದು, ನನ್ನನ್ನು ಕಳಿಸಿಬಿಡಿ ಎಂದು ಕೈ ಮುಗಿದ. ವ್ಯಾಪಾರಿ ಒಪ್ಪಲಿಲ್ಲ. "ನಿನ್ನನ್ನು ಕಳಿಸಿದರೆ ಹೊಲ ಕಲಿಸುವವರು ಯಾರು? ಅಷ್ಟಕ್ಕೂ ನೀನು ಒಬ್ಬ. ಅವರು ಎಷ್ಟು ಜನ! ಅಷ್ಟು ಜನರಲ್ಲಿ ಒಬ್ಬರಾದರೂ ತಪ್ಪು ಮಾಡಿರಲೇಬೇಕು. ಆ ಹೆಸರು ಹುಡುಕು. ಹುಡುಕದಿದ್ದರೆ ನಾಳೆಯೇ ಮಂಟಪಕ್ಕೆ ಪಾಯ ತೋಡಿಸುತ್ತೇನೆ."

ಮರುದಿನ ಗಂಟೆ ಹೊಡೆದ ಕೂಡಲೇ ಮಕ್ಕಳನ್ನೆಲ್ಲ ಧ್ವಜಕಂಬದ ಮುಂದೆ ಸಾಲಾಗಿ ನಿಲ್ಲಿಸಿದರು. ವ್ಯಾಪಾರಿ ಕುರ್ಚಿ ಹಾಕಿಸಿಕೊಂಡು ಕೂತ. ಹೆಡ್ಮಾಸ್ತರು ಒಂದೊಂದೇ ತಂಡವನ್ನು ಮುಂದೆ ಕರೆದರು.

ನೀರಿನ ತಂಡ ಹೇಳಿತು: ನಾವು ಬಿಡು ಅಂದ ದಿನ ಬಿಟ್ಟಿದ್ದೇವೆ, ಬೇಡ ಅಂದ ದಿನ ಬಿಟ್ಟಿಲ್ಲ. ಮೂಲೆಯ ನೀರು ಮಳೆಯದು, ನಮ್ಮದಲ್ಲ. ಕಾವಲಿನ ತಂಡ ಹೇಳಿತು: ದನ ನುಗ್ಗಿದ್ದು ರಜೆಯಲ್ಲಿ, ರಜೆ ಕೊಟ್ಟವರು ನಾವಲ್ಲ. ಗೊಬ್ಬರದ ತಂಡ ಹೇಳಿತು: ನಾವು ಗೊಬ್ಬರ ಹೊತ್ತೆವು, ಬೇರೆ ಗೊತ್ತಿಲ್ಲ. ಹುಳದ ತಂಡ ಹೇಳಿತು: ನಮ್ಮ ಕೆಲಸ ಎಷ್ಟು ಚೆನ್ನಾಗಿ ಆಯಿತೆಂದರೆ ನಮಗೇ ಮಾರ್ಕು ಬರಲಿಲ್ಲ.

ರೈತ ಒಬ್ಬೊಬ್ಬರ ಮಾತೂ ಕೇಳಿದ. ಮೊದಲನೆಯವರು ಮಾತಾಡಿದಾಗ ಹೌದು ಇವರು ಸರಿ ಅನ್ನಿಸಿತು. ಎರಡನೆಯವರು ಮಾತಾಡಿದಾಗ ಇವರೂ ಸರಿ ಅನ್ನಿಸಿತು. ಎಲ್ಲರೂ ಸರಿಯಾದರೆ ಆ ಗಿಡಗಳಿಗೆ ಆದದ್ದೇನು? ಅವನು ತಲೆ ಕೆರೆದುಕೊಂಡ. ಬಿಸಿಲು ಏರಿತು. ಮೊದಲಿಂದ ಮತ್ತೆ ವಿಚಾರಣೆ ಶುರುವಾಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ನಿನ್ನೆಯವರೆಗೆ ಒಂದೇ ಬುಟ್ಟಿ ಹೊತ್ತವರು ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದರು.

ಕಳೆಯ ತಂಡವನ್ನು ಕರೆದಾಗ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಜಗಳಗಂಟಿ ಇರಲಿಲ್ಲ.

"ನೋಡಿದಿರಾ!" ಅಂದರು ಹೆಡ್ಮಾಸ್ತರು. "ತಪ್ಪು ಮಾಡದವರಿಗೆ ಓಡಿಹೋಗುವ ದರ್ದು ಏನು?"

ಹುಡುಕಿಕೊಂಡು ಎಲ್ಲರೂ ಹೊರಟರು. 'ಎಲ್ಲಿ ಹೋದಳು, ಎಲ್ಲಿ ಅಡಗಿದಳು' ಎಂದು ಕೂಗಾಡಿದರು. ಅವಳು ಅಡಗಿರಲಿಲ್ಲ. ತಗ್ಗು ಮೂಲೆಯಲ್ಲಿ ಮೊಣಕಾಲು ಮುಳುಗುವಷ್ಟು ಕೆಸರಿನಲ್ಲಿ ನಿಂತು ಗುದ್ದಲಿ ಹಾಕುತ್ತಿದ್ದಳು. ಬದುವನ್ನು ಅರ್ಧ ಕಡಿದಾಗಿತ್ತು. ನೀರು ಸಣ್ಣಗೆ ಹೊರಗೆ ಹರಿಯಲು ಶುರುವಾಗಿತ್ತು.

ಹೆಡ್ಮಾಸ್ತರು ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡರು. ಸಾಲಿನಿಂದ ಹೇಳದೆ ಹೊರಟು ಬಂದದ್ದು ಒಂದು ತಪ್ಪು. ಗುದ್ದಲಿ ಗೊಬ್ಬರದ ತಂಡದ್ದು, ಕೇಳದೆ ತಂದದ್ದು ಇನ್ನೊಂದು ತಪ್ಪು. ನೀರು ಅವಳ ಪಾಲಿನ ಕೆಲಸವಲ್ಲ. ಬದು ಕಡಿಯಲು ಯಾರೂ ಹೇಳಿರಲಿಲ್ಲ. ಒಂದೊಂದನ್ನೇ ಎತ್ತಿ ಹೇಳುತ್ತ ಹೋದಂತೆ ಮಕ್ಕಳ ಮುಖ ಅರಳಿತು. ನೀರಿನ ತಂಡದವರು ಉಸಿರು ಬಿಟ್ಟರು. ಕಾವಲಿನ ತಂಡದವರು ಹೌದು ಹೌದು ಅಂದರು. ವ್ಯಾಪಾರಿಗೂ ನಿರಾಳವಾಯಿತು. "ಸಿಕ್ಕಿತಲ್ಲ ಹೆಸರು! ಇಷ್ಟಕ್ಕೆ ಬೆಳಗಿನಿಂದ ಒದ್ದಾಡಬೇಕಾಯಿತು" ಅಂದ.

ಹುಡುಗಿ ಕೆಸರು ಕೈಯಲ್ಲೇ ಮುಖ ಒರೆಸಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ತಗ್ಗಲಿಲ್ಲ. "ನನ್ನ ಹೆಸರು ಬೇಕಾದರೆ ಆಮೇಲೆ ಬರೆದುಕೊಳ್ಳಿ. ಮೊದಲು ಆ ಗುದ್ದಲಿ ಇತ್ತ ಕೊಡಿ" ಅಂದಳು.

"ನೋಡಿ ಇವಳ ಬಾಯಿ!" ಅಂದ ವ್ಯಾಪಾರಿ. ರೈತನ ಕಡೆ ತಿರುಗಿದ. "ಹೊಲ ನಿನ್ನದು. ಮಕ್ಕಳು ನಿನ್ನ ಶಿಷ್ಯರು. ನೀನು ಒಂದು ಮಾತು ಹೇಳಿಬಿಡು. ಇವಳನ್ನು ಕಳಿಸಲಾ?"

ಎಲ್ಲರೂ ರೈತನ ಮುಖ ನೋಡಿದರು. ಹೌದೆಂದರೆ ಈ ಹುಡುಗಿಯ ಓದು ಹೋಗುತ್ತದೆ. ಇಲ್ಲವೆಂದರೆ ನಾಳೆ ಪಾಯ ತೋಡುತ್ತಾರೆ, ಎಲ್ಲ ಮಕ್ಕಳ ಹೊಲ ಹೋಗುತ್ತದೆ. ರೈತ ಹುಡುಗಿಯನ್ನು ನೋಡಿದ, ಹೆಡ್ಮಾಸ್ತರ ಕೈಯಲ್ಲಿದ್ದ ಗುದ್ದಲಿ ನೋಡಿದ, ವ್ಯಾಪಾರಿಯನ್ನು ನೋಡಿದ.

ಇಲ್ಲಿಗೆ ಬಂದು ಗುರುಗಳು ಮಾತು ನಿಲ್ಲಿಸಿದರು.

ಕೊಟ್ರಯ್ಯ ಕಾದ. ಅವನ ಕೈ ಕಾಯಿ ಸುಲಿಯುವುದನ್ನು ಯಾವಾಗಲೋ ಮರೆತಿತ್ತು. ಗುರುಗಳು ಮುಂದೆ ಹೇಳುವ ಲಕ್ಷಣ ಕಾಣಲಿಲ್ಲ.

"ಆಮೇಲೆ? ರೈತ ಏನಂದ ಅಜ್ಜಯ್ಯ?"

ಗುರುಗಳು ಸುಲಿದ ಕಾಳನ್ನು ಒಟ್ಟುಗೂಡಿಸಿದರು.

"ಆ ಹುಡುಗಿಯನ್ನು ಹೊರಗೆ ಹಾಕಿದರಾ?" ಎಂದು ಕೊಟ್ರಯ್ಯ ಮತ್ತೆ ಕೇಳಿದ. "ಅವಳದು ಏನೂ ತಪ್ಪಿಲ್ಲ. ಅದು ನನಗೆ ಗೊತ್ತಾಯಿತು. ಆದರೆ ಒಂದು ಹೆಸರು ಕೊಡಲೇಬೇಕಿತ್ತಲ್ಲ? ಕೊನೆಗೆ ಯಾರ ಹೆಸರು ಕೊಟ್ಟರು? ನೀರಿನವರದಾ, ಕಾವಲಿನವರದಾ? ಇಷ್ಟು ಹೇಳಿ ನಡುವೆ ಬಿಡಬೇಡಿ ಅಜ್ಜಯ್ಯ. ನಾಳೆ ಬೆಳಿಗ್ಗೆ ನನ್ನನ್ನು ಕೇಳುತ್ತಾರೆ. ತಪ್ಪು ಯಾರದು ಅಂತ ತೀರ್ಮಾನವಾಯಿತು? ಅದೊಂದು ಹೇಳಿಬಿಡಿ."

ಗುರುಗಳು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ನಗುವೂ ಇರಲಿಲ್ಲ.

"ಕೊಟ್ರಯ್ಯ, ಆ ಗಿಡಗಳು ಉಳಿದವೇ ಎಂದು ನೀನೂ ಕೇಳಲಿಲ್ಲ."

ಕೊಟ್ರಯ್ಯನಿಗೆ ಹಳದಿಯಾಗುತ್ತಿದ್ದ ತನ್ನ ಈರುಳ್ಳಿ ನೆನಪಾಯಿತು.